ಗಳಿಕೆಯನ್ನು ಕಾಡಿಗೆ ಕೊಟ್ಟ ಅನಿಲ್ ಮಲ್ಹೋತ್ರ
(ಉಪನ್ಯಾಸದ ಪಠ್ಯ)



ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮಕ್ಕಳು ಹಲವು ತಲೆಮಾರುಗಳಿಂದ ಮುಂಬಯಿ, ಬೆಂಗಳೂರುಗಳಿಗೆ ಹೋಗಿ ಹೋಟೆಲು ಉದ್ಯಮದಲ್ಲಿ ದುಡಿದು ಮೇಲೆ ಬಂದಿದ್ದಾರೆ. ಆ ಗಳಿಕೆಯಿಂದ ಊರಿನ ದೇವಸ್ಥಾನಗಳು ಜೀರ್ಣೋದ್ಧಾರಗೊಂಡಿವೆ, ಶಾಲೆಗಳಿಗೆ ಕಟ್ಟಡಗಳಾಗಿವೆ, ಹರಕೆಯಾಟಗಳು ಸಂದಿವೆ. ಆದರೆ ಕಾಡಿಗೆಂದು ಒಂದು ಪಾಲನ್ನು ತೆಗೆದಿಟ್ಟವರು ವಿರಳ. ಇಂಥದೇ ಉದ್ಯಮದಲ್ಲಿ ಗಳಿಸಿದ್ದನ್ನು ಕಾಡಿಗಾಗಿ ತೊಡಗಿಸಿದ ಒಬ್ಬರ ಬದುಕು ಇಂದು ಸ್ಮರಣೀಯವಾಗಿದೆ. ಅವರು ಡಾ. ಅನಿಲ್ ಕುಮಾರ್ ಮಲ್ಹೋತ್ರ. ಪತ್ನಿ ಪಮೇಲಾ ಅವರೊಡಗೂಡಿ ಕೊಡಗಿನ ಬ್ರಹ್ಮಗಿರಿ ತಪ್ಪಲಿನಲ್ಲಿ ‘ಸಾಯಿ’ ಖಾಸಗಿ ವನ್ಯಧಾಮವನ್ನು ರೂಪಿಸಿದ ಅವರು 2021ರಲ್ಲಿ ನಿಧನರಾದರು.

ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಓದಿದ ಮಲ್ಹೋತ್ರ, ಅಮೆರಿಕದಲ್ಲಿ ಭೂವ್ಯವಹಾರ ಮತ್ತು ಹೋಟೆಲು ಉದ್ಯಮದಲ್ಲಿ ತೊಡಗಿದ್ದರು. ವಿವಾಹಾನಂತರ ದಂಪತಿಗಳು ಹವಾಯಿ ದ್ವೀಪದಲ್ಲಿ ನೆಲೆಸಿದ್ದರು. 1986ರಲ್ಲಿ ತಂದೆಯ ಅಂತ್ಯಕ್ರಿಯೆಗೆಂದು ಭಾರತಕ್ಕೆ ಬಂದಾಗ ಹರಿದ್ವಾರದಲ್ಲಿ ಗಂಗೆಯ ಮಾಲಿನ್ಯವನ್ನೂ ಮರಗಳ ನಾಶವನ್ನೂ ಕಂಡು ಅವರ ಮನಸ್ಸು ಕದಡಿತು. ಹವಾಯಿಯ ಆಸ್ತಿಯನ್ನು ಮಾರಿ ಇಲ್ಲಿಯೇ ಕಾಡನ್ನು ಉಳಿಸಬೇಕೆಂಬ ನಿಶ್ಚಯಕ್ಕೆ ಬಂದರು. ಉತ್ತರದಲ್ಲಿ ತಕ್ಕಷ್ಟು ಭೂಮಿ ದೊರೆಯದೆ, 1991ರಲ್ಲಿ ದಕ್ಷಿಣ ಕೊಡಗಿನಲ್ಲಿ 55 ಎಕರೆ ಕೊಂಡರು. ಅತಿಯಾದ ಮಳೆಯಿಂದ ಬೆಳೆ ಕೈಗೆ ಹತ್ತದೆ ಒಡೆಯರು ಬೇಸತ್ತು ಮಾರಲು ಸಿದ್ಧವಾಗಿದ್ದ ನೆಲವದು. ವ್ಯಾಪಾರದ ಕಣ್ಣಿಗೆ ಅದು ನಷ್ಟದ ಬಾಬತ್ತು.

ಕೊಂಡ ನೆಲದ ಬಹುಭಾಗವನ್ನು ಅವರು ಅದರ ಪಾಡಿಗೆ ಬಿಟ್ಟರು. ಅಗತ್ಯವಿದ್ದೆಡೆ ಸ್ಥಳೀಯ ಮರಗಳನ್ನು ನೆಟ್ಟರು. ಸ್ವಲ್ಪ ಭಾಗದಲ್ಲಿ ಕಾಡಿನ ನೆರಳಿನಡಿ ಸಾವಯವ ಕಾಫಿ ಮತ್ತು ಏಲಕ್ಕಿಯನ್ನು ಉಳಿಸಿಕೊಂಡರು. ಪಕ್ಷಿಗಳು ಬೀಜವನ್ನು ತರುತ್ತವೆ. ಬಿಸಿಲು ಬೇಡುವ ಗಿಡಗಳು ಮೊದಲು ಮೇಲೆದ್ದು ನೆರಳು ಮಾಡುತ್ತವೆ. ಆ ನೆರಳಿನಲ್ಲಿ ನಿತ್ಯಹರಿದ್ವರ್ಣದ ಸಸಿಗಳು ನಿಧಾನವಾಗಿ ತಲೆಯೆತ್ತುತ್ತವೆ. ಬಿದ್ದ ಮರ ಅಲ್ಲಿಯೇ ಕೊಳೆತು ಮಣ್ಣಾಗುತ್ತದೆ. ಈ ಕಾರ್ಯಕ್ಕೆ ಕಾವಲು ಬೇಕು, ಕಾಯುವ ತಾಳ್ಮೆ ಬೇಕು. ಅವರು ಕಾದುದು 30 ವರ್ಷ.

ಹೊಳೆಯ ಮೇಲ್ಭಾಗದ ಜಮೀನುಗಳಿಂದ ಕೀಟನಾಶಕ ಹರಿದು ಬರುತ್ತಿದ್ದರೆ ಕೆಳಗಿನ ಕಾಡು ಉಳಿಯದೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಆದುದರಿಂದ ಸುತ್ತಲಿನ ಜಮೀನುಗಳನ್ನು, ಮಾರಬಯಸಿದವರಿಂದ, ಒಂದೊಂದಾಗಿ ಕೊಂಡರು. ಅವರಲ್ಲಿ ಸಾಲದಲ್ಲಿದ್ದವರಿಗೆ ಆ ಹಣ ಆಸರೆಯಾಯಿತು. ವನ್ಯಧಾಮ ಕ್ರಮೇಣ ಸುಮಾರು 300 ಎಕರೆಗೆ ವಿಸ್ತರಿಸಿತು. ಆನೆ, ಹುಲಿ, ಚಿರತೆ, ಕೆಂಜಳಿಲು ಅಲ್ಲಿ ನೆಲೆ ಕಂಡುಕೊಂಡವು. ಈ ಕಾರ್ಯಕ್ಕಾಗಿ ಪಮೇಲಾ ಅವರಿಗೆ 2017ರಲ್ಲಿ ರಾಷ್ಟ್ರಪತಿಗಳಿಂದ ನಾರೀಶಕ್ತಿ ಪುರಸ್ಕಾರ ಸಂದಿತು.

ಹಣವಂತರು ಭೂಮಿ ಕೊಂಡು ಬೇಲಿ ಹಾಕುವುದೇ ಸಂರಕ್ಷಣೆಯೇ ಎಂಬ ಆಕ್ಷೇಪವೂ ಇಲ್ಲಿ ಏಳುತ್ತದೆ. ಅದು ನ್ಯಾಯವಾದುದೇ. ಬಟ್ಟೆಯ ಉದ್ಯಮದಲ್ಲಿ ಗಳಿಸಿದ ಅಮೆರಿಕದ ಡಗ್ಲಾಸ್ ಟಾಂಪ್ಕಿನ್ಸ್ ಚಿಲಿ ಮತ್ತು ಅರ್ಜೆಂಟೀನಾಗಳಲ್ಲಿ ಲಕ್ಷಾಂತರ ಎಕರೆ ಕೊಂಡಾಗ ಅಲ್ಲಿನ ಜನ ವರ್ಷಗಟ್ಟಲೆ ಅವರನ್ನು ಸಂಶಯದಿಂದ ನೋಡಿದರು. 2015ರಲ್ಲಿ ಅವರು ತೀರಿಕೊಂಡ ಬಳಿಕ ಪತ್ನಿ ಆ ಭೂಮಿಯ ದೊಡ್ಡ ಭಾಗವನ್ನು ರಾಷ್ಟ್ರೀಯ ಉದ್ಯಾನಗಳಿಗಾಗಿ ಚಿಲಿ ಸರಕಾರಕ್ಕೆ ಒಪ್ಪಿಸಿದರು. ಕೊಳ್ಳುವವನ ಉದ್ದೇಶ ಏನೆಂಬುದು ಅವನ ಕಾಲಾನಂತರ ಆ ಭೂಮಿ ಯಾರದಾಗುತ್ತದೆ ಎಂಬುದರಿಂದ ತಿಳಿಯುತ್ತದೆ.

ಈ ಸೀಮೆಯಲ್ಲಿ ಹೆಚ್ಚಿನವರಿಗೆ ಕೊಳ್ಳುವ ಅಗತ್ಯವೇ ಇಲ್ಲ. ಮನೆತನಗಳ ಹಿಂದೆ ಹಾಡಿಗಳಿವೆ, ನಾಗಬನಗಳಿವೆ. ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಕುಮ್ಕಿಯಲ್ಲಿ ಸೊಪ್ಪು, ತರಗೆಲೆಗಳ ಸವಲತ್ತಿದೆ. ಆ ನೆಲ ಸರಕಾರದ್ದು, ಆದರೆ ಅದರ ಉಳಿವು ರೈತನ ಕತ್ತಿಯನ್ನೂ ಅವಲಂಬಿಸಿದೆ. ಕಿರಾಲುಬೋಗಿ, ಹೊನ್ನೆ, ಧೂಪ, ಮುರುಗಲುಗಳಿರುವ ಹಾಡಿ ಮಳೆನೀರನ್ನು ತಡೆದು ನೆಲಕ್ಕಿಳಿಸುತ್ತದೆ. ಅದನ್ನು ಕಡಿದು ಅಕೇಶಿಯಾ ಅಥವಾ ರಬ್ಬರು ಹಾಕಿದಾಗ ಲೆಕ್ಕಪುಸ್ತಕದಲ್ಲಿ ಆದಾಯ ಕಾಣುತ್ತದೆ. ಏಪ್ರಿಲ್ ತಿಂಗಳಲ್ಲಿ ತಳ ಕಾಣುವ ಬಾವಿ ಆ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಘಟ್ಟದಿಂದಿಳಿಯುವ ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾನದಿಗಳು ಬೇಸಿಗೆಯಲ್ಲಿ ಸೊರಗಿದರೆ ಉಪ್ಪುನೀರು ಮೇಲೇರಿ ಗದ್ದೆಗೂ ಬಾವಿಗೂ ನುಗ್ಗುತ್ತದೆ.

ಹಿರಿಯರು ತೀರಿ, ಮಕ್ಕಳು ದೂರದ ಊರಿನಲ್ಲಿದ್ದು, ಪಾಲುಪಟ್ಟಿಯ ದಿನ ಹಾಡಿಯೇ ಮೊದಲು ಮಾರಾಟಕ್ಕೆ ಬರುವುದುಂಟು. ಅದನ್ನು ತಡೆಯಲು ದಾರಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯಂತೆ, ವ್ಯಕ್ತಿ ಅಥವಾ ಸಮುದಾಯ ಸ್ವಇಚ್ಛೆಯಿಂದ ಕಾಪಾಡುತ್ತಿರುವ ಭೂಮಿಯನ್ನು ರಾಜ್ಯ ಸರಕಾರ ‘ಸಮುದಾಯ ಮೀಸಲು’ ಎಂದು ಘೋಷಿಸಬಹುದು. ಒಡೆತನ ಮನೆಯವರಲ್ಲಿಯೇ ಉಳಿಯುತ್ತದೆ. ಆದರೆ ಆಡಳಿತ ಸಮಿತಿಯ ನಿರ್ಣಯ ಮತ್ತು ಸರಕಾರದ ಒಪ್ಪಿಗೆಯಿಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. ಅದೇ 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯ-ಪ್ರಾಣಿಗಳ ದಾಖಲಾತಿ ಆಗಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಹಾಡಿಯ ಮರಗಳನ್ನು ಹಿರಿಯರಿಂದ ಕೇಳಿ ತಿಳಿದು ಬರೆದಿಟ್ಟರೆ ಆ ದಾಖಲೆಗೆ ಅದೇ ಮೊದಲ ಪುಟ.

ಮಲ್ಹೋತ್ರ ದಂಪತಿಗಳು ಕೊಡಗಿಗೆ ಹೊರಗಿನಿಂದ ಬಂದು, ಇದ್ದುದನ್ನು ಮಾರಿ ಕಾಡನ್ನು ಕೊಂಡರು. ಇಲ್ಲಿ ಕಾಡು ಪಿತ್ರಾರ್ಜಿತವಾಗಿಯೇ ಬಂದಿದೆ. ಮುಂದಿನ ಪಾಲುಪಟ್ಟಿಯಲ್ಲಿ ಹಾಡಿಯನ್ನು ತುಂಡರಿಸದೆ ಒಂದಾಗಿ ಉಳಿಸುವ ಒಂದು ಸಾಲನ್ನು ಸೇರಿಸುವ ಮನೆತನ, ಅವರ ಸ್ಮರಣೆಗೆ ತಕ್ಕ ಗೌರವ ಸಲ್ಲಿಸಿದಂತಾಗುತ್ತದೆ.