‘ಸಾರ್ಥ’ ಕಾದಂಬರಿ ಮತ್ತು ನಮ್ಮ ಕಪಾಟಿನ ಬೀಗ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ನೂರು ವರ್ಷಗಳ ಸಾಧನೆಯನ್ನು ಈ ವೇದಿಕೆಯಿಂದ ಅನೇಕರು ಸ್ಮರಿಸಿದ್ದಾರೆ. ನಾವು ನಮ್ಮಿಂದಾದ ಒಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬಯಸುತ್ತೇವೆ. ಅದು ಒಂದು ಪುಸ್ತಕಕ್ಕೆ ಸಂಬಂಧಿಸಿದುದು.

ನಮ್ಮ ಗ್ರಂಥಾಲಯದಲ್ಲಿ ಎಸ್.ಎಲ್. ಭೈರಪ್ಪನವರು 1998ರಲ್ಲಿ ಪ್ರಕಟಿಸಿದ ‘ಸಾರ್ಥ’ ಕಾದಂಬರಿಯ ಪ್ರತಿಯೊಂದಿದೆ. ಪಾಲಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಓದಲು ಕೊಡುವ ಪುಸ್ತಕಗಳ ಸಾಲಿನಲ್ಲಿ ಅದನ್ನು ಇಟ್ಟಿದ್ದೆವು. ಒಂದು ದಿನ ಪಾಲಕರೊಬ್ಬರು ಬಂದು, “ಅಕ್ಕಾರ, ದೇವರ ಹೆಸರಿನಾಗ ಜಗಳಾಡೂ ಪುಸ್ತಕ ಶಾಲ್ಯಾಗ ಯಾಕ? ನಮ್ಮೂರಾಗ ಎಲ್ಲಾರೂ ಕೂಡಿ ಇದ್ದೀವಿ, ಹಂಗ ಇರಲಿ” ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಊರಿನ ಮೇಲಿನ ಕಾಳಜಿಯಿತ್ತು. ನಾವು ಮರುಮಾತಾಡದೆ ಪುಸ್ತಕವನ್ನು ಒಳಗಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಎರಡು ವರ್ಷ ಅದು ಅಲ್ಲಿಯೇ ಇತ್ತು.

ಕಾದಂಬರಿಯ ಕಥೆ 8ನೆಯ ಶತಮಾನದ್ದು. ಸಾರ್ಥವೆಂದರೆ ವ್ಯಾಪಾರಿಗಳ ತಂಡ. ವ್ಯಾಪಾರದ ಗುಟ್ಟನ್ನು ಅರಿತು ಬಾ ಎಂದು ರಾಜ ಅಮರುಕನು ನಾಗಭಟ್ಟನೆಂಬ ವಿದ್ವಾಂಸನನ್ನು ಸಾರ್ಥದೊಡನೆ ಕಳುಹಿಸುತ್ತಾನೆ. ಕಳುಹಿಸಿದ ರಾಜನಿಂದಲೇ ತನ್ನ ಸಂಸಾರಕ್ಕೆ ದ್ರೋಹವಾಯಿತೆಂದು ಅವನಿಗೆ ದಾರಿಯಲ್ಲಿ ತಿಳಿಯುತ್ತದೆ. ಮನೆ ಕಳೆದುಕೊಂಡ ಅವನು ನಾಟಕದಲ್ಲಿ ಕೃಷ್ಣನ ಪಾತ್ರ ವಹಿಸುತ್ತಾನೆ, ಬೌದ್ಧರ ವಿದ್ಯಾಕೇಂದ್ರಗಳನ್ನು ಕಾಣುತ್ತಾನೆ, ಯೋಗ–ತಂತ್ರಗಳ ಬೆರಗಿಗೂ ಭಯಕ್ಕೂ ಒಳಗಾಗುತ್ತಾನೆ. ವೈದಿಕ, ಬೌದ್ಧ, ತಾಂತ್ರಿಕ ಮಾರ್ಗಗಳು ಒಂದನ್ನೊಂದು ಎದುರಿಸುವ ಕಾಲವದು. ಕೊನೆಗೆ ಅರಬರ ಆಳ್ವಿಕೆಗೆ ಸೇರಿದ ಮೂಲಸ್ಥಾನ, ಅಂದರೆ ಇಂದಿನ ಮುಲ್ತಾನದವರೆಗೆ ಅವನ ಪಯಣ ಸಾಗುತ್ತದೆ.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಾಗ ಶಾಲೆಗೆ ಬಂದಳು. ದೂರದ ನಗರದಲ್ಲಿ ಉದ್ಯೋಗದಲ್ಲಿರುವವಳು. “ನಮ್ಮ ಕಚೇರಿಯಲ್ಲಿ ಧರ್ಮದ ಮಾತು ಬಂದರೆ ಜನ ಎರಡು ಗುಂಪಾಗುತ್ತಾರೆ. ಮೊಬೈಲಿನಲ್ಲಿ ಏನೇನೋ ಬರುತ್ತದೆ. ಯಾವುದು ನಿಜ, ಏನು ಉತ್ತರಿಸಬೇಕು ತಿಳಿಯದು. ಇದನ್ನು ನೀವು ನಮಗೆ ಕಲಿಸಲಿಲ್ಲವಲ್ಲ” ಎಂದಳು. ಅವಳ ಎದುರಿಗೆ ಕುಳಿತಾಗ ಕಪಾಟಿನ ಬೀಗ ನಮಗೆ ನೆನಪಾಯಿತು.

ಅಂದು ಪುಸ್ತಕವನ್ನು ಹೊರತೆಗೆದು ಮತ್ತೊಮ್ಮೆ ಓದಿದೆವು. ಅದರಲ್ಲಿ ಜಗಳವಿದೆ, ನಿಜ. ಜಗಳಕ್ಕೊಂದು ರೀತಿಯೂ ಇದೆ. ಮಂಡನಮಿಶ್ರರಿಗೂ ಶಂಕರರಿಗೂ ವಾದ ನಡೆಯುವಾಗ ಸೋತವರು ಗೆದ್ದವರ ಮಾರ್ಗ ಹಿಡಿಯಬೇಕೆಂಬ ಪಣವಿರುತ್ತದೆ. ತೀರ್ಪುಗಾರ್ತಿ ಮಂಡನಮಿಶ್ರರ ಪತ್ನಿ ಭಾರತೀದೇವಿ. ಗಂಡ ಸೋತರೆ ಸಂನ್ಯಾಸಿಯಾಗುತ್ತಾನೆ, ತನ್ನ ಸಂಸಾರ ಮುರಿಯುತ್ತದೆ ಎಂದು ತಿಳಿದೂ ಅವಳು ಸತ್ಯವನ್ನೇ ನುಡಿಯುತ್ತಾಳೆ. ಬೌದ್ಧರನ್ನು ಖಂಡಿಸಲೆಂದು ವೇಷ ಮರೆಸಿ ಅವರಲ್ಲಿಯೇ ಕಲಿತ ಕುಮಾರಿಲಭಟ್ಟರು, ಗುರುದ್ರೋಹದ ಪ್ರಾಯಶ್ಚಿತ್ತಕ್ಕೆ ಹೊಟ್ಟಿನ ಬೆಂಕಿಯಲ್ಲಿ ದೇಹ ತ್ಯಜಿಸುತ್ತಾರೆ. ಎದುರು ಪಕ್ಷದವನೂ ಗುರುವಾಗಿದ್ದರೆ ಗುರುವೇ ಎಂಬ ಭಾವ ಅಲ್ಲಿದೆ. ಮುಲ್ತಾನದಲ್ಲಾದರೋ ವಾದಕ್ಕೆ ಎಡೆಯಿಲ್ಲ. ಹೊರಗಿನ ಸೈನ್ಯ ಮೇಲೆ ಬಿದ್ದರೆ ಸೂರ್ಯದೇವಾಲಯದ ವಿಗ್ರಹವನ್ನು ಒಡೆಯುವೆವೆಂದು ಆಳುವವರು ಬೆದರಿಸುತ್ತಿದ್ದರೆಂದು ಅರಬ ಬರಹಗಾರರೇ ದಾಖಲಿಸಿದ್ದಾರೆ.

ಇದನ್ನು ಓದಿದ ಮಗುವಿಗೆ ಮತ್ತೊಂದು ಮಾತನ್ನೂ ಹೇಳಬೇಕು. ಇದು ನಾಗಭಟ್ಟನೊಬ್ಬನ ಬಾಯಿಂದ ಬಂದ ಕಥೆ. ಇದನ್ನೇ ಬೌದ್ಧ ಭಿಕ್ಷು ಹೇಳಿದ್ದರೆ, ಮುಲ್ತಾನದ ಸಾಮಾನ್ಯ ಮುಸ್ಲಿಂ ನೇಕಾರನೊಬ್ಬ ಹೇಳಿದ್ದರೆ ಹೇಗಿರುತ್ತಿತ್ತು? ಈ ಪ್ರಶ್ನೆ ಕೇಳುವುದನ್ನು ಕಲಿಸದೆ ಪುಸ್ತಕ ಕೊಟ್ಟರೆ ಆ ಪಾಲಕರ ಭಯ ನಿಜವಾದೀತು. ಪ್ರಶ್ನೆಯನ್ನು ಕಲಿಸಬೇಕಾದವರು ನಾವು. ಅದನ್ನು ಬಿಟ್ಟು ಬೀಗ ಹಾಕಿದ್ದೇ ನಮ್ಮ ತಪ್ಪು.

ಕನ್ನಡ ನಾಡಿನಲ್ಲಿ ಮತಗಳ ವ್ಯಾಜ್ಯ ನಡೆದೇ ಇಲ್ಲವೆಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾಗುತ್ತದೆ. ವ್ಯಾಜ್ಯ ತೀರಿದ ಬಗೆಯನ್ನೂ ಹೇಳೋಣ. ಶ್ರವಣಬೆಳಗೊಳದ 1368ರ ಶಾಸನ ಅದಕ್ಕೆ ಸಾಕ್ಷಿ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು. ಜೈನರು ಮನೆಗೊಂದರಂತೆ ಹಣ ಕೊಡಬೇಕು. ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ 20 ಕಾವಲುಗಾರರನ್ನು ಶ್ರೀವೈಷ್ಣವರೇ ನೇಮಿಸಬೇಕು. ಉಳಿದುದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಯಾರ ಮೇಲೆ ದೂರಿತ್ತೋ ಅವರ ಮೇಲೆಯೇ ಕಾವಲಿನ ಹೊಣೆ! ಕೂಡಿ ಬಾಳುವುದು ತಾನಾಗಿ ಬರುವುದಿಲ್ಲ, ಹೀಗೆ ಕಟ್ಟಿಕೊಳ್ಳಬೇಕಾಗುತ್ತದೆ ಎಂಬುದು ಈ ಶಾಸನದಿಂದ ನಮಗೆ ತಿಳಿಯುತ್ತದೆ.

ನಮ್ಮ ತಾಲೂಕಿನ ಗುಡ್ಡಾಪುರಕ್ಕೆ, ದಾನಮ್ಮದೇವಿಯ ದರ್ಶನಕ್ಕೆ, ಗಡಿಯಾಚೆಯಿಂದ ಕಾಲ್ನಡಿಗೆಯಲ್ಲಿ ಬರುವವರಿಗೆ ನಾವು ನೀರು ಕೊಡುವಾಗ ಅವರ ಜಾತಿ, ಮತ, ಭಾಷೆಗಳನ್ನು ಕೇಳುವುದಿಲ್ಲ. ಆ ಒಳ್ಳೆಯ ರೂಢಿಯನ್ನು ಮಕ್ಕಳು ನೋಡಿ ಕಲಿತಿದ್ದಾರೆ. ಆದರೆ ಊರು ಬಿಟ್ಟು ಹೋದ ಮಗು ಕೇಳುವವರ ನಡುವೆ ಬಾಳಬೇಕಾಗುತ್ತದೆ. ಅಲ್ಲಿ ರೂಢಿಯೊಂದೇ ಸಾಲದು, ತಿಳಿವಳಿಕೆಯೂ ಜೊತೆಗಿರಬೇಕು.

ಆದ್ದರಿಂದ ‘ಸಾರ್ಥ’ ಈಗ ಮತ್ತೆ ತೆರೆದ ಸಾಲಿನಲ್ಲಿದೆ. ಅದು ಪ್ರೌಢ ವಯಸ್ಸಿನವರ ಓದು, ಚಿಕ್ಕ ಮಕ್ಕಳಿಗಲ್ಲ. ಕೊಂಡೊಯ್ದವರು ಹಿಂದಿರುಗಿಸುವಾಗ, ಕಥೆಯಲ್ಲಿ ತಮಗೆ ಒಪ್ಪಿಗೆಯಾಗದ ಒಂದು ಪಾತ್ರದ ಪರವಾಗಿ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಡಬೇಕೆಂಬ ನಿಯಮ ಮಾಡಿದ್ದೇವೆ. ಮೊದಲು ಅದನ್ನು ಒಯ್ದವರು ಆಕ್ಷೇಪಿಸಿದ ಆ ಪಾಲಕರೇ. ಅವರು ನಾಲ್ಕು ಸಾಲಿನ ಬದಲು ಎರಡು ಪುಟ ಬರೆದರು. ಕೊನೆಯಲ್ಲಿ, “ಈಗಲೂ ನನಗ ಅಂಜಿಕಿ ಐತಿ, ಆದರ ಬೀಗ ಬ್ಯಾಡ್ರಿ” ಎಂದಿದ್ದರು.

ಆ ಎರಡು ಪುಟಗಳನ್ನು ನಾವು ಪುಸ್ತಕದೊಳಗೇ ಇರಿಸಿದ್ದೇವೆ. ಮುಂದೆ ಓದುವವರು ಅವನ್ನೂ ಓದಲಿ ಎಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.