ಬಿಡುವಿಗೂ ಒಂದು ಟೈಮ್‌ಟೇಬಲ್ ಬೇಕು



ಇವತ್ತು ರಾಜಕೀಯ ಬೇಡ. ಯಾರು ದಿಲ್ಲಿಗೆ ಹೋದರು, ಯಾರು ಬರಿಗೈಲಿ ವಾಪಸ್ ಬಂದರು, ಅದನ್ನ ನಾಳೆ ನೋಡೋಣ. ಇವತ್ತು ನಿಮ್ಮ ಮಗನ ಬಗ್ಗೆ, ಮಗಳ ಬಗ್ಗೆ ಮಾತಾಡೋಣ. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬಿಎ, ಬಿಎಸ್ಸಿ, ಎಂಎ, ಇಂಜಿನಿಯರಿಂಗ್ ಅಂತ ಓದುತ್ತಿರುವ ಆ ಹುಡುಗ, ಆ ಹುಡುಗಿ. ಅವರಿಗೆ ಓದು ಎಷ್ಟು, ಬಿಡುವು ಎಷ್ಟು? ಯಾರಾದರೂ ಒಂದು ದಿನ ಕೂತು ಲೆಕ್ಕ ಹಾಕಿದ್ದೀರಾ?

ಧಾರವಾಡಕ್ಕೆ ವಿದ್ಯಾಕಾಶಿ ಅಂತ ಹೆಸರು. ಸುಮ್ಮನೆ ಬಂದ ಹೆಸರಲ್ಲ. ಕರ್ನಾಟಕ ಕಾಲೇಜು 1917ರದ್ದು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಕೃಷಿ ವಿಶ್ವವಿದ್ಯಾಲಯ 1986ರದ್ದು. ಹುಬ್ಬಳ್ಳಿಯಲ್ಲಿ 1947ರ ಬಿವಿಬಿ ಕಾಲೇಜು ಇವತ್ತು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ. 2016ರಿಂದ ಐಐಟಿ ಕೂಡ ಇದೆ. ಇಷ್ಟೆಲ್ಲ ಇದೆ. ಆದರೆ ಈ ಅವಳಿ ನಗರದಲ್ಲಿ ಯಾವ ವಿದ್ಯಾರ್ಥಿಯನ್ನಾದರೂ ನಿಲ್ಲಿಸಿ "ಹೆಂಗ ನಡದೈತಿ ತಮ್ಮಾ?" ಅಂತ ಕೇಳಿ. ಉತ್ತರ ಒಂದೇ. "ಟೈಮ ಸಿಗವಲ್ದರೀ."

ಟೈಮ್ ಎಲ್ಲಿ ಹೋಯ್ತು? ಅದನ್ನೇ ಹುಡುಕೋಣ. ನಿಮ್ಮ ಹತ್ತಿರ ಪೆನ್ನು, ಹಾಳೆ ಇದ್ದರೆ ತಗೊಳ್ಳಿ.

ವಾರಕ್ಕೆ 168 ಗಂಟೆ. ಅಂಬಾನಿ ಮಗನಿಗೂ ಅಷ್ಟೇ, ಅಣ್ಣಿಗೇರಿಯ ರೈತನ ಮಗನಿಗೂ ಅಷ್ಟೇ. ದಿನಕ್ಕೆ 8 ಗಂಟೆಯಂತೆ ನಿದ್ದೆಗೆ 56 ತೆಗೀರಿ. ಉಳಿದದ್ದು 112. ಸ್ನಾನ, ಊಟ, ಬಟ್ಟೆ ಒಗೆಯೋದು ಅಂತ ದಿನಕ್ಕೆ 3 ಗಂಟೆ ಹಿಡಿಯಿರಿ, 21 ಹೋಯ್ತು. ಕೈಯಲ್ಲಿ 91.

ಈಗ ಓದು. ಓದು ಎಷ್ಟು ಅಂತ ಹೇಳೋರು ಯಾರು? ಸರ್ಕಾರವೇ ಹೇಳಿದೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ ಕಲಿಕೆ ಅಂದರೆ 1200 ಗಂಟೆ, 40 ಕ್ರೆಡಿಟ್. ಒಂದು ಸೆಮಿಸ್ಟರಿಗೆ 600 ಗಂಟೆ. ಸೆಮಿಸ್ಟರ್ 15 ವಾರ ಅಂತ ಇಟ್ಟುಕೊಂಡರೆ ವಾರಕ್ಕೆ 40 ಗಂಟೆ. ಗಮನಿಸಿ, ಈ 40 ಗಂಟೆ ಅಂದರೆ ಬರೀ ಕ್ಲಾಸ್ ಅಲ್ಲ. ಕ್ಲಾಸು, ಲ್ಯಾಬು, ಲೈಬ್ರರಿ, ಅಸೈನ್‌ಮೆಂಟು, ಮನೆಯಲ್ಲಿ ಕೂತು ಓದೋದು, ಎಲ್ಲಾ ಸೇರಿ. ಅಷ್ಟೇ ಅಲ್ಲ, ಆಟ, ಸಂಗೀತ, ಎನ್‌ಎಸ್‌ಎಸ್, ಎನ್‌ಸಿಸಿಯನ್ನೂ ಆ ಚೌಕಟ್ಟು ಕಲಿಕೆಯ ಲೆಕ್ಕಕ್ಕೆ ತಗೊಂಡಿದೆ. ಕೋರ್ಸಿನಿಂದ ಕೋರ್ಸಿಗೆ ಕ್ರೆಡಿಟ್ ಹೆಚ್ಚುಕಡಿಮೆ ಆಗುತ್ತೆ, ಲ್ಯಾಬ್ ಇರುವವರಿಗೆ ಗಂಟೆ ಜಾಸ್ತಿ, ಮೆಡಿಕಲ್ ಓದುವವರ ಕಷ್ಟ ಬೇರೆಯೇ. ಆದರೂ ಸಾಮಾನ್ಯ ಡಿಗ್ರಿ ವಿದ್ಯಾರ್ಥಿಗೆ 40 ಅಂತ ಹಿಡಿದರೆ ತಪ್ಪೇನಿಲ್ಲ.

91ರಲ್ಲಿ 40 ಹೋದರೆ 51. ಅಂದರೆ ವಾರಕ್ಕೆ 51 ಗಂಟೆ ಬಿಡುವು! ದಿನಕ್ಕೆ ಏಳು ಗಂಟೆಗಿಂತ ಜಾಸ್ತಿ. ಹಾಗಾದರೆ "ಟೈಮ ಸಿಗವಲ್ದು" ಅನ್ನೋ ಹುಡುಗ ಸುಳ್ಳು ಹೇಳ್ತಿದ್ದಾನಾ?

ಇಲ್ಲ. ಸ್ವಲ್ಪ ತಾಳಿ.

ನವಲಗುಂದ, ಕುಂದಗೋಳ, ಕಲಘಟಗಿ, ಅಳ್ನಾವರ, ಅಣ್ಣಿಗೇರಿ. ಬೆಳಗಾದರೆ ಈ ಊರುಗಳ ಬಸ್ ಸ್ಟ್ಯಾಂಡಿನಲ್ಲಿ ಪಾಸ್ ಹಿಡಿದ ಹುಡುಗರು ನಿಂತಿರ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ಒಳ್ಳೇದಾಯ್ತು. ಆದರೆ ದುಡ್ಡು ಉಳಿಯಿತು, ಗಂಟೆ ಉಳಿಯಲಿಲ್ಲ. ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಹುಬ್ಬಳ್ಳಿಗೆ, ಅಲ್ಲಿಂದ ಚಿಗರಿ ಹತ್ತಿ ಧಾರವಾಡಕ್ಕೆ. ಚಿಗರಿಗೆ ಅವಳಿ ನಗರದ ನಡುವೆ ತನ್ನದೇ ದಾರಿ ಇದೆ, ಅದು ಓಡುತ್ತೆ. ಅದಕ್ಕಿಂತ ಹಿಂದಿನ ಬಸ್ಸಿಗೆ ಕಾಯೋದೇ ದೊಡ್ಡ ಕೆಲಸ. ಹೋಗಿ ಬರೋಕೆ, ಕಾಯೋಕೆ ದಿನಕ್ಕೆ 3 ಗಂಟೆ ಅಂದರೂ ಆರು ದಿನಕ್ಕೆ 18 ಗಂಟೆ. 51ರಲ್ಲಿ 18 ಕಳೀರಿ. 33.

ಮುಂದಕ್ಕೆ ಹೋಗೋಣ. ಧಾರವಾಡದ ಸಪ್ತಾಪುರದ ಕಡೆ ಸಂಜೆ ಹೊತ್ತು ಹೋದರೆ ಗೋಡೆ ಗೋಡೆಗೂ ಕೋಚಿಂಗ್ ಬೋರ್ಡು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪಿಡಿಒ, ಬ್ಯಾಂಕು. ಮೊದಲು ಡಿಗ್ರಿ ಮುಗಿಸಿದವರು ಕೋಚಿಂಗಿಗೆ ಹೋಗ್ತಿದ್ದರು. ಈಗ ಡಿಗ್ರಿ ಮಾಡ್ತಾ ಇರುವಾಗಲೇ ಅದೂ ಶುರು. ಯಾಕೆ? ಬರೀ ಡಿಗ್ರಿಯಿಂದ ನೌಕರಿ ಸಿಗೋದಿಲ್ಲ ಅನ್ನೋ ಭಯ. ಆ ಭಯ ಹುಡುಗರ ಕಲ್ಪನೆ ಅಲ್ಲ, ಅದಕ್ಕೆ ಕಾರಣ ಇದೆ. ಕೋಚಿಂಗಿಗೆ ಹೋಗದವನು ಅಂಗಡಿಯಲ್ಲೋ, ಹೋಟೆಲ್ಲಿನಲ್ಲೋ, ಡೆಲಿವರಿ ಬ್ಯಾಗ್ ಹೊತ್ತೋ ಸಂಜೆ ದುಡೀತಾನೆ. ರೂಮ್ ಬಾಡಿಗೆ, ಮೆಸ್ ಬಿಲ್ಲು ಕಟ್ಟಬೇಕಲ್ಲ. ದಿನಕ್ಕೆ 4 ಗಂಟೆ ಅಂದರೆ 24 ಗಂಟೆ. ಒಬ್ಬನ ಮೇಲೇ ಬಸ್ಸೂ ಇದೂ ಎರಡೂ ಬಿತ್ತು ಅಂದುಕೊಳ್ಳಿ. 33ರಲ್ಲಿ 24 ಹೋಯ್ತು. ಉಳಿದದ್ದು 9.

ವಾರಕ್ಕೆ ಒಂಬತ್ತು ಗಂಟೆ ವೀಕ್ಷಕರೇ. 51 ಇದ್ದದ್ದು 9 ಆಯ್ತು. ಆ ಒಂಬತ್ತನ್ನ ತಿನ್ನೋಕೆ ಜೇಬಿನಲ್ಲೇ ಒಂದು ಕೂತಿದೆ. ಮೊಬೈಲು. ದಿನಕ್ಕೆ 2 ಗಂಟೆ ರೀಲ್ಸ್ ಅಂದರೆ ವಾರಕ್ಕೆ 14. ಒಂಬತ್ತು ಗಂಟೆ ಇರುವವನು ಹದಿನಾಲ್ಕು ಗಂಟೆ ಎಲ್ಲಿಂದ ತರ್ತಾನೆ? ನಿದ್ದೆಯಿಂದ ತರ್ತಾನೆ. ರಾತ್ರಿ ಒಂದೂವರೆಗೆ ಹಾಸಿಗೆಯಲ್ಲಿ ಬೆಳಗೋ ಸ್ಕ್ರೀನ್ ಇದೆಯಲ್ಲ, ಅದು ಶೋಕಿ ಅಂತ ನೀವು ಬೈತೀರಿ. ಇಡೀ ದಿನದಲ್ಲಿ ತನ್ನದು ಅಂತ ಸಿಕ್ಕ ಹೊತ್ತು ಅದೊಂದೇ ಅಂತ ಅವನಿಗೆ ಅನ್ನಿಸಿರುತ್ತೆ. ಆದರೆ ಬೆಳಿಗ್ಗೆ ಎದ್ದಾಗ ಬಿಡುವು ಸಿಕ್ಕ ಸಮಾಧಾನವೂ ಇಲ್ಲ, ಓದಿದ ಸಮಾಧಾನವೂ ಇಲ್ಲ.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬೇರೆ. ಅಣ್ಣ ಕಾಲೇಜಿನಿಂದ ಬಂದರೆ "ದಣದಾನ, ಚಾ ಕೊಡು" ಅಂತೀವಿ. ತಂಗಿ ಅದೇ ಬಸ್ಸಿನಲ್ಲಿ ಬಂದರೆ ರೊಟ್ಟಿ ಹಿಟ್ಟಿನ ಮುಂದೆ ಕೂರಿಸ್ತೀವಿ. ಸುಧಾ ಮೂರ್ತಿಯವರು ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೇರಿದ ಕಥೆ ನಿಮಗೆ ಗೊತ್ತಿರಬಹುದು, ಅವರೇ ಬರೆದಿದ್ದಾರೆ. ಅಷ್ಟು ಹುಡುಗರ ನಡುವೆ ಒಬ್ಬಳೇ ಹುಡುಗಿ. ಸೀಟು ಸಿಕ್ಕಿದ್ದು ಷರತ್ತಿನ ಮೇಲೆ. ಸೀರೆ ಉಟ್ಟುಕೊಂಡು ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ನೋಡಿ, ಕ್ಲಾಸಿಗೆ ಬರಬಹುದು, ಕ್ಯಾಂಟೀನಿಗೆ ಬರಬಾರದು. ಓದಿಗೆ ಅನುಮತಿ ಇದೆ, ಬಿಡುವಿಗೆ ಇಲ್ಲ. ಐವತ್ತು ವರ್ಷದ ಮೇಲಾಯ್ತು. ಇವತ್ತು ಯಾರೂ ಆ ಷರತ್ತು ಹಾಕೋದಿಲ್ಲ. ಆದರೆ ಸಂಜೆ ಏಳಕ್ಕೆ ಲೈಬ್ರರಿಯಲ್ಲಿ, ಮೈದಾನದಲ್ಲಿ, ನಾಟಕದ ತಾಲೀಮಿನಲ್ಲಿ ಎಷ್ಟು ಹುಡುಗಿಯರು ಇರ್ತಾರೆ ಅಂತ ಒಮ್ಮೆ ಎಣಿಸಿ.

ಈಗ ಹಿರಿಯರು ಕೇಳ್ತೀರಿ. "ಓದೋ ವಯಸ್ಸಿನ್ಯಾಗ ಬಿಡುವು ಯಾತಕ್ಕೋ? ನಾಲ್ಕ ವರ್ಷ ಕಷ್ಟ ಪಡ್ರಿ, ಆಮ್ಯಾಗ ಆರಾಮ ಇದ್ದ ಐತಿ."

ಹಿರಿಯರೇ, ಈ ಧಾರವಾಡದ ಹೆಸರು ಹೇಳುವಾಗ ನೀವು ಎದೆ ಉಬ್ಬಿಸಿಕೊಂಡು ಯಾವ ಹೆಸರುಗಳನ್ನ ಹೇಳ್ತೀರಿ? ಬೇಂದ್ರೆ ಮಾಸ್ತರರು ಹೈಸ್ಕೂಲಿನಲ್ಲಿ ಪಾಠ ಹೇಳಿ, ಮಿಕ್ಕ ಹೊತ್ತಿನಲ್ಲಿ ಗೆಳೆಯರ ಗುಂಪು ಕಟ್ಟಿದರು. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ, 1958ರಲ್ಲಿ ಬಿಎ ಮುಗಿಸಿದರು. ನಾಟಕ ಅವರ ಸಿಲಬಸ್ಸಿನಲ್ಲಿ ಇರಲಿಲ್ಲ. ಮೂರು ವರ್ಷಕ್ಕೆ, 1961ರಲ್ಲಿ, ಅವರ 'ಯಯಾತಿ' ಪ್ರಕಟ ಆಯ್ತು. ಪ್ರಕಟಿಸಿದ್ದು ಧಾರವಾಡದ್ದೇ ಮನೋಹರ ಗ್ರಂಥಮಾಲೆ. ಆ ಗ್ರಂಥಮಾಲೆಯ ಅಟ್ಟ ಇದೆಯಲ್ಲ, ಅಲ್ಲಿ ಹಾಜರಿ ತಗೊಳ್ಳೋರು ಯಾರೂ ಇರಲಿಲ್ಲ, ಇಂಟರ್ನಲ್ ಮಾರ್ಕ್ಸ್ ಇರಲಿಲ್ಲ. ಕೂತು ಮಾತಾಡ್ತಿದ್ದರು, ಅಷ್ಟೇ. ಕೊನೆಗೆ ಕಾರ್ನಾಡರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ಏನು? 'ಆಡಾಡತ ಆಯುಷ್ಯ'.

ಎಲ್ಲರೂ ಕಾರ್ನಾಡ ಆಗಬೇಕಿಲ್ಲ. ಮಾರ್ಕ್ಸ್ ಬೇಡ ಅಂತಲೂ ನಾನು ಹೇಳ್ತಿಲ್ಲ, ಅವರು ಗಣಿತದಲ್ಲೂ ಚೆನ್ನಾಗಿಯೇ ಓದಿದ್ದರು, ರೋಡ್ಸ್ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡಿಗೆ ಹೋದರು. ಗಣಿತಕ್ಕೂ ಹೊತ್ತು ಇತ್ತು, ಅಟ್ಟಕ್ಕೂ ಹೊತ್ತು ಇತ್ತು. ಇವತ್ತಿನ ಹುಡುಗನಿಗೆ ಆ ಎರಡನೇ ಹೊತ್ತನ್ನ ಯಾರು ಕಸಿದುಕೊಂಡರು ಅನ್ನೋದೇ ನನ್ನ ಪ್ರಶ್ನೆ.

ಇದು ಗಾಯನದ ಊರು. ಮನ್ಸೂರ, ಗಂಗೂಬಾಯಿ, ಭೀಮಸೇನ ಜೋಶಿ ಹಾಡಿದ ನೆಲ. ಅದಕ್ಕೇ ಒಂದು ಮಾತು. ತೀನ್‌ತಾಲದಲ್ಲಿ 16 ಮಾತ್ರೆ. ಒಂಬತ್ತನೇ ಮಾತ್ರೆಯಲ್ಲಿ ಖಾಲಿ ಬರುತ್ತೆ. ಅಲ್ಲಿ ತಬಲಾದವರು ಎಡಗೈಯ ಗುಂಗು ಬಿಡ್ತಾರೆ, ತಾಳ ಹಗುರ ಆಗುತ್ತೆ. ಮಾತ್ರೆ ಮಾತ್ರ ಎಣಿಕೆಯಲ್ಲೇ ಇರುತ್ತೆ. ಹಾಡೋರಿಗೆ ಸಮ್ ಎಲ್ಲಿದೆ ಅಂತ ಗುರುತು ಹೇಳೋದೇ ಆ ಖಾಲಿ. ಅದನ್ನ ತುಂಬಿಬಿಟ್ಟರೆ ತಾಳವೇ ತಪ್ಪುತ್ತೆ. ಬಿಡುವು ಅಂದರೆ ಹಾಗೆ ಎಣಿಸಿ ಇಟ್ಟದ್ದು. ಎಲ್ಲಾ ಮುಗಿದ ಮೇಲೆ ಉಳಿದರೆ ನೋಡೋಣ ಅಂದರೆ ಅದು ಯಾವತ್ತೂ ಉಳಿಯೋದಿಲ್ಲ.

ಹಾಗಾದರೆ ಏನು ಮಾಡಬೇಕು? ತಮ್ಮಾ, ತಂಗೀ, ಮೊದಲು ನಿಮಗೆ ಹೇಳ್ತೀನಿ.

ಭಾನುವಾರ ಸಂಜೆ ಹತ್ತು ನಿಮಿಷ ಕೂತು ಮುಂದಿನ ವಾರ ಬರೀರಿ. ಮೊದಲು ನಿದ್ದೆ ಬರೀರಿ. ಆಮೇಲೆ ಕ್ಲಾಸು, ಬಸ್ಸು, ಕೆಲಸ. ಮೂರನೆಯದು ಬಿಡುವು. ವಾರದಲ್ಲಿ ಎರಡು ಸಂಜೆ, ಭಾನುವಾರ ಅರ್ಧ ದಿನ. ಕೆಲಗೇರಿ ಕೆರೆ ಕಡೆ ಹೋಗ್ತೀರೋ, ಉಣಕಲ್ ಕೆರೆ ದಂಡೆಗೆ ಹೋಗ್ತೀರೋ, ಕ್ರಿಕೆಟ್ ಆಡ್ತೀರೋ, ಕಟ್ಟೆ ಮೇಲೆ ಕೂತು ಗಿರಮಿಟ್ ತಿಂತಾ ಹರಟೆ ಹೊಡೀತೀರೋ, ನಿಮ್ಮಿಷ್ಟ. ಇಷ್ಟು ಬರೆದ ಮೇಲೆ ಓದಿನ ಗಂಟೆ ಹಂಚಿ. ಕ್ಲಾಸು ವಾರಕ್ಕೆ 24 ಗಂಟೆ ಇದ್ದರೆ ನೀವೇ ಓದಬೇಕಾದದ್ದು 16. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಎರಡೂ ಮುಕ್ಕಾಲು ಗಂಟೆ ಕೂಡ ಆಗೋದಿಲ್ಲ. ಆ ಹೊತ್ತಿನಲ್ಲಿ ಮೊಬೈಲು ಇನ್ನೊಂದು ಕೋಣೆಯಲ್ಲಿ ಇರಲಿ. ಹದಿನೈದು ವಾರ ದಿನಾ ಇಷ್ಟು ಓದಿದವನಿಗೆ ಪರೀಕ್ಷೆಗೆ ಮುಂಚೆ ಹತ್ತು ದಿನ ರಾತ್ರಿಯೆಲ್ಲ ಎದ್ದಿರುವ ಗತಿ ಬರೋದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೆ ಓದಿ, ಸಿಗದಿದ್ದರೆ ಹಾಡು ಕೇಳಿ, ಅದಕ್ಕೆ ತಪ್ಪಿತಸ್ಥರ ಹಾಗೆ ಮುಖ ಮಾಡಬೇಡಿ.

ಕೋಚಿಂಗು ಬೇಕಾ? ಬೇಕಾದರೆ ಮಾಡಿ. ಆದರೆ ಮೊದಲ ವರ್ಷವೇ ಬೇಕಾ ಅಂತ ಕೇಳಿಕೊಳ್ಳಿ. ಆ ಪರೀಕ್ಷೆಗಳಲ್ಲಿ ಬರೋ ಇತಿಹಾಸ, ಅರ್ಥಶಾಸ್ತ್ರ, ಸಂವಿಧಾನ ನಿಮ್ಮ ಡಿಗ್ರಿ ಪಾಠದಲ್ಲೇ ಇದ್ದರೆ, ಅದನ್ನ ಎರಡು ಕಡೆ ಎರಡು ಸಲ ಯಾಕೆ ಕೇಳ್ತೀರಿ?

ಇನ್ನು ಕಾಲೇಜುಗಳಿಗೆ. ಸೆಮಿಸ್ಟರ್ ಶುರುವಾದ ದಿನವೇ ಟೆಸ್ಟು, ಸೆಮಿನಾರು, ಅಸೈನ್‌ಮೆಂಟಿನ ತಾರೀಖು ಬೋರ್ಡಿಗೆ ಹಾಕಿ. ಐದು ವಿಷಯದವರು ಒಂದೇ ವಾರ ಐದು ಅಸೈನ್‌ಮೆಂಟ್ ಕೇಳಿದರೆ ಹುಡುಗ ಓದೋದಿಲ್ಲ, ನಕಲು ಮಾಡ್ತಾನೆ. ಕೊನೆ ಕ್ಲಾಸಿನ ಹೊತ್ತನ್ನ ಹಳ್ಳಿ ಬಸ್ಸಿನ ಹೊತ್ತಿಗೆ ಹೊಂದಿಸಿ. ಸಾರಿಗೆ ಸಂಸ್ಥೆಯವರ ಜೊತೆ ಒಂದು ಸಲ ಕೂತು ಮಾತಾಡಿದರೆ ಆಗೋ ಕೆಲಸ ಇದು.

ಇದೆಲ್ಲ ಆರಾಮದ ಪ್ರಶ್ನೆ ಅಂತ ಯಾರಾದರೂ ಅಂದುಕೊಂಡರೆ ಒಂದು ಅಂಕಿ ಹೇಳ್ತೀನಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಎಲ್ಲದಕ್ಕೂ ಓದಿನ ಒತ್ತಡವೇ ಕಾರಣ ಅಲ್ಲ. ಆದರೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಈ ಅಂಕಿ ನೋಡಿ ಸುಮ್ಮನೆ ಕೂರಲಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು ಇರಲೇಬೇಕು ಅಂತ ಹೇಳಿತು. ನಿಮ್ಮ ಮಗ ಓದುವ ಕಾಲೇಜಿನಲ್ಲಿ ಇದ್ದಾರಾ? ನಾಳೆ ಹೋಗಿ ಕೇಳಿ. ಮನಸ್ಸಿಗೆ ತೀರಾ ಭಾರ ಅನ್ನಿಸಿದವರಿಗೆ ಟೆಲಿ ಮಾನಸ್ ಇದೆ, 14416, ದುಡ್ಡಿಲ್ಲ, ಹಗಲೂ ರಾತ್ರಿ ಫೋನ್ ಎತ್ತುತ್ತಾರೆ. ಧಾರವಾಡದಲ್ಲೇ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗೋದು ನಾಚಿಕೆ ವಿಷಯ ಅಲ್ಲ.

ಕೊನೆಗೆ ತಂದೆತಾಯಿಗೆ ಒಂದೇ ಮಾತು. ರಾತ್ರಿ ಫೋನ್ ಮಾಡಿದಾಗ "ಓದಿದ್ಯಾ?" ಅಂತ ಕೇಳೇ ಕೇಳ್ತೀರಿ, ಕೇಳಿ. ಅದರ ಜೊತೆಗೆ "ಇವತ್ತು ಏನ ಆಡಿದಿ? ಯಾರ ಜೋಡಿ ಅಡ್ಡಾಡಿ ಬಂದಿ?" ಅಂತಲೂ ಕೇಳಿ. ಆ ಕಡೆಯಿಂದ "ಏನೂ ಇಲ್ಲಬೇ, ಟೈಮ ಸಿಗಲಿಲ್ಲ" ಅಂತ ವಾರಗಟ್ಟಲೆ ಅದೇ ಉತ್ತರ ಬಂದರೆ, ಮಾರ್ಕ್ಸ್ ಕಾರ್ಡ್ ಬರೋವರೆಗೂ ಕಾಯಬೇಡಿ. ಶನಿವಾರ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿಕೊಂಡು ಬನ್ನಿ.

ಯೋಚನೆ ಮಾಡಿ. ನಾಳೆ ಮತ್ತೆ ಸಿಗ್ತೀನಿ. ನಮಸ್ಕಾರ.