ಬಾಯಿ ಕಟ್ಟಿದಾಗ ಪಾತ್ರೆಗಳು ಮಾತಾಡಿದವು



2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ನಮ್ಮಲ್ಲಿ ಎಷ್ಟೋ ಮನೆಯವರು ಬಾಗಿಲಿಗೆ ಬಂದು ತಟ್ಟೆ, ಜಾಗಟೆ ಬಾರಿಸಿದ್ದು ನಿಮಗೆ ನೆನಪಿರಬಹುದು. ಅದು ವೈದ್ಯರಿಗೆ, ದಾದಿಯರಿಗೆ ಸಲ್ಲಿಸಿದ ಕೃತಜ್ಞತೆ, ಸರ್ಕಾರವೇ ಕೇಳಿಕೊಂಡದ್ದು. ವರ್ಷ ತುಂಬುವ ಮೊದಲೇ ನೆರೆಯ ಮ್ಯಾನ್ಮಾರಿನಲ್ಲಿ ಅದೇ ಸದ್ದು ಆಳುವವರ ವಿರುದ್ಧ ಎದ್ದಿತು.

2021ರ ಫೆಬ್ರವರಿ 1ರಂದು ಅಲ್ಲಿನ ಸೇನೆ ಅಧಿಕಾರ ವಶಪಡಿಸಿಕೊಂಡು, ಆಂಗ್ ಸಾನ್ ಸೂ ಕಿ ಮೊದಲಾದ ಚುನಾಯಿತ ನಾಯಕರನ್ನು ಬಂಧಿಸಿತು. ಮಾರನೆಯ ರಾತ್ರಿ ಎಂಟು ಗಂಟೆಗೆ ಯಾಂಗೂನಿನ ಬಾಲ್ಕನಿ, ಕಿಟಕಿಗಳಲ್ಲಿ ಜನ ಪಾತ್ರೆ ಬಡಿಯತೊಡಗಿದರು. ವಾಹನಗಳ ಹಾರನ್ ದನಿಗೂಡಿಸಿತು. ದುಷ್ಟಶಕ್ತಿಯನ್ನು ಓಡಿಸಲು ಪಾತ್ರೆ ಬಡಿಯುವುದು ಅಲ್ಲಿನ ಹಳೆಯ ಆಚರಣೆ. ಆದ್ದರಿಂದ ಆ ಸದ್ದಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವೇದಿಕೆಯಿಲ್ಲದ ಪ್ರದರ್ಶನವದು, ನುಡಿಸುವವರೇ ಕೇಳುಗರು. ಕೆಲವೇ ದಿನಗಳಲ್ಲಿ ಫೇಸ್‌ಬುಕ್ಕನ್ನು ತಡೆಯಲಾಯಿತು. ಮಾರ್ಚ್ 8ರಂದು ಐದು ಸುದ್ದಿಸಂಸ್ಥೆಗಳ ಪರವಾನಗಿ ರದ್ದಾಯಿತು. ಆದರೆ ಪಾತ್ರೆಗೆ ಪರವಾನಗಿ ಎಲ್ಲಿದೆ?

ಇದರ ಹಿಂದೆ ಸ್ವಲ್ಪ ವಿಜ್ಞಾನವೂ ಇದೆ. ಸೆಕೆಂಡಿಗೆ 1000 ಕಂಪನಗಳಿರುವ ಶಬ್ದದ ತರಂಗದೂರ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್. ಕಣ್ಣಿಗೆ ಕಾಣುವ ಬೆಳಕಿನದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಗೋಡೆಯ ಮರೆಯಲ್ಲಿರುವ ವ್ಯಕ್ತಿ ಕಾಣುವುದಿಲ್ಲ. ಆತ ಬಡಿದ ಸದ್ದು ಮಾತ್ರ ಮೂಲೆ ತಿರುಗಿ ಬರುತ್ತದೆ. ಒಂದೇ ಬಲದ ಹತ್ತು ಪಾತ್ರೆಗಳು ಸೇರಿದರೆ ಶಬ್ದಮಟ್ಟ 10 ಡೆಸಿಬೆಲ್ ಏರುತ್ತದೆ; ಕಿವಿಗೆ ಅದು ಸುಮಾರು ಎರಡು ಪಟ್ಟು. ಗದ್ದಲ ಹೆಚ್ಚಿದಷ್ಟೂ ಒಬ್ಬೊಬ್ಬರ ಸದ್ದನ್ನು ಬೇರ್ಪಡಿಸುವುದು ಕಷ್ಟ. ಗುಂಪೇ ಒಬ್ಬೊಬ್ಬರಿಗೂ ಮರೆ.

ಆದರೆ ಮರೆ ಎಂದರೆ ಕವಚವಲ್ಲ. ಬೀದಿಯಲ್ಲಿ ಮೊದಲು ಬಡಿದವರಿಗೆ ಆ ಮರೆಯೂ ಇರಲಿಲ್ಲ. ಮುಂದಿನ ತಿಂಗಳುಗಳಲ್ಲಿ ನೂರಾರು ಜನ ಸೇನೆ, ಪೊಲೀಸರ ದಮನಕ್ಕೆ ಬಲಿಯಾದರು. ಮಾರ್ಚ್ 24ರಂದು ಜನರು ಇನ್ನೊಂದು ದಾರಿ ಹಿಡಿದರು: ಅಂಗಡಿ ಮುಚ್ಚಿ, ಬೀದಿ ಬರಿದು ಮಾಡಿ, ಮನೆಯಲ್ಲೇ ಉಳಿದರು. ಅಂದು ನಗರಗಳ ಮೌನವೇ ಮಾತಾಯಿತು.

ಈ ವಾದ್ಯ ಯಾವ ಪಕ್ಷದ್ದೂ ಅಲ್ಲ. ಚಿಲಿಯಲ್ಲಿ 1971ರಲ್ಲಿ ಚುನಾಯಿತ ಅಯೆಂಡೆ ಸರ್ಕಾರದ ವಿರುದ್ಧ ಖಾಲಿ ಪಾತ್ರೆ ಬಡಿದರು. 1983ರಲ್ಲಿ ಸೇನಾಡಳಿತಗಾರ ಪಿನೊಚೆಯ ವಿರುದ್ಧವೂ ಬಡಿದರು. ಆದ್ದರಿಂದ ಸದ್ದು ಕೇಳಿದಾಗ ಯಾರು, ಏಕೆ ಬಡಿಯುತ್ತಿದ್ದಾರೆ ಎಂದು ವಿಚಾರಿಸಿ.

ಸ್ಟುಡಿಯೋದಲ್ಲಿ ಧ್ವನಿಯ ಗುಂಡಿ ನಮ್ಮಂಥ ನಿರ್ಮಾಪಕರ ಕೈಯಲ್ಲಿರುತ್ತದೆ. ತಿರುಗಿಸಿದರೆ ಯಾರ ಮಾತಾದರೂ ನಿಲ್ಲುತ್ತದೆ. ಮ್ಯಾನ್ಮಾರಿನ ಆ ರಾತ್ರಿಗಳನ್ನು ನೆನೆದಾಗ ಗುಂಡಿಯ ಮೇಲಿಟ್ಟ ಬೆರಳು ಒಂದು ಕ್ಷಣ ತಡೆಯುತ್ತದೆ.